ಲೂಪಸ್ ರೋಗಿಗೆ ಕೆಮ್ಮು ಬಂದರೆ

ತೆಂಗಿನ ಗರಿ ಜೋತುಬಿದ್ದರೆ ಅದು ನೀರಿನ ಕೊರತೆಯೋ ಅಣಬೆ ರೋಗವೋ ಎಂದು ತಿಳಿಯಲು ಬುಡ ನೋಡುತ್ತೇವೆ. ಅಲ್ಲಿ ಕೆಂಗಂದು ರಸ ಸೋರುತ್ತಿದ್ದರೆ ಬರಿಯ ನೀರು ಹಾಯಿಸಿ ಫಲವಿಲ್ಲ. ಲೂಪಸ್ ರೋಗಿಯ ಕೆಮ್ಮನ್ನೂ ಹೀಗೆಯೇ ಮೂಲ ಹುಡುಕಿ ನೋಡಬೇಕು.

ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಬರುವ ಈ ರೋಗದಲ್ಲಿ ದೇಹದ ರಕ್ಷಣಾಶಕ್ತಿಯು ಸ್ವಂತ ಅಂಗಗಳ ಮೇಲೆಯೇ ತಿರುಗಿಬೀಳುತ್ತದೆ. ಅದನ್ನು ತಗ್ಗಿಸಲು ಪ್ರೆಡ್ನಿಸೊಲೋನ್ ಮುಂತಾದ ಮಾತ್ರೆ ಕೊಡುತ್ತಾರೆ. ಆಗ ಸೋಂಕು ತಡೆಯುವ ಶಕ್ತಿಯೂ ಕುಗ್ಗಿ, ಕ್ಷಯ, ನ್ಯುಮೋನಿಯಾ, ಬೂಷ್ಟಿನ ಸೋಂಕು ಶ್ವಾಸಕೋಶವನ್ನು ಹೊಗಬಹುದು. ಲೂಪಸ್ ತಾನೇ ಶ್ವಾಸಕೋಶಕ್ಕೆ ಉರಿಯೂತ ತರುವುದೂ ಉಂಟು. ಎರಡರಲ್ಲೂ ಕೆಮ್ಮು, ಏದುಸಿರು, ಜ್ವರ. ಚಿಕಿತ್ಸೆ ಮಾತ್ರ ಬೇರೆ. ಉರಿಯೂತಕ್ಕೆ ಮಾತ್ರೆ ಹೆಚ್ಚಿಸಬೇಕಾದೀತು. ಸೋಂಕನ್ನು ಗುರುತಿಸದೆ ಹೆಚ್ಚಿಸಿದರೆ ಪ್ರಾಣಕ್ಕೇ ಅಪಾಯ.

ಆದುದರಿಂದ ನೆನಪಿಡಿ:

1. ಮಾತ್ರೆಯು ಜ್ವರವನ್ನು ಮರೆಮಾಡಬಹುದು. ಜ್ವರವಿಲ್ಲವೆಂದು ಕಾಯಬೇಡಿ.

2. ಕಫವನ್ನು ಪರೀಕ್ಷೆಗೆ ಕೊಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ ಉಚಿತ.

3. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಸಿ.ಟಿ. ಬೇಕಾಗಬಹುದು. ಕಫ ಬಾರದಿದ್ದರೆ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ತೊಳೆದ ನೀರನ್ನು ಪರೀಕ್ಷಿಸುತ್ತಾರೆ.

4. ಔಷಧದ ಚೀಟಿಗಳನ್ನೆಲ್ಲ ವೈದ್ಯರಿಗೆ ತೋರಿಸಿ. ಅಟ್ಟದ ಬೂಷ್ಟು ಹಿಡಿದ ಕೊಬ್ಬರಿ ಕೆದಕಿದ್ದರೆ ಅದನ್ನೂ ಹೇಳಿ.

5. ಮಾತ್ರೆಯನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ.

ಏದುಸಿರು ಹೆಚ್ಚಿದರೆ ಸಂತೆಯ ದಿನಕ್ಕೆ ಕಾಯದೆ, ಅಂದೇ ತಿಪಟೂರು, ತುರುವೇಕೆರೆ ಅಥವಾ ಚಿಕ್ಕನಾಯಕನಹಳ್ಳಿಯ ಆಸ್ಪತ್ರೆಗೆ ಹೊರಡಿ.