ಟೈರು ಆಮೇಲೆ, ಮೊದಲು ರಿಮ್ಮು

ಹೈಬ್ರಿಡ್ ಸೈಕಲ್ಲಿಗೆ 23 ಮಿ.ಮೀ. ಟೈರು ಹಾಕಿಸಿ 110 ಪಿಎಸ್‌ಐ ಗಾಳಿ ಹೊಡೆಸಿದರೆ ನಂದಿಬೆಟ್ಟ ಸಲೀಸು ಅಂತ ನಿನಗೆ ಯಾರು ಹೇಳಿದರೋ, ಅವರನ್ನು ಆಮೇಲೆ ವಿಚಾರಿಸಿಕೊಳ್ಳೋಣ. ಸದ್ಯಕ್ಕೆ ಚಕ್ರ ಬಿಚ್ಚಿ ರಿಮ್ಮಿನ ಮೇಲೇನು ಬರೆದಿದೆ ನೋಡಪ್ಪ. 622x19 ಅಂತಿದ್ದರೆ, 622 ಅನ್ನೋದು ಟೈರಿನ ಅಂಚು ಕೂರುವ ಜಾಗದ ವ್ಯಾಸ, 19 ಅನ್ನೋದು ರಿಮ್ಮಿನ ಒಳಗಲ, ಎರಡೂ ಮಿಲಿಮೀಟರಿನಲ್ಲಿ. ಸ್ಟಿಕ್ಕರ್ ಕಿತ್ತುಹೋಗಿದ್ದರೆ ಟೈರು ಕಳಚಿ, ವರ್ನಿಯರ್ ಕ್ಯಾಲಿಪರ್ ಹಿಡಿದು ಎರಡು ಗೋಡೆಗಳ ಒಳಮೈ ನಡುವೆ ಅಳೆ. ಹೊರಗಿಂದ ಅಳೆದ ಲೆಕ್ಕ ಇಲ್ಲಿ ನಡೆಯೋದಿಲ್ಲ.

19ರ ರಿಮ್ಮಿಗೆ 28ರಿಂದ 40ರವರೆಗಿನ ಟೈರನ್ನು ಧೈರ್ಯವಾಗಿ ಹಾಕು. 23 ಅದಕ್ಕೆ ಸಣ್ಣದು. ಪಕ್ಕಗಳು ಚಪ್ಪಟೆಯಾಗಿ ಹರಡಿಕೊಂಡು, ಗುಂಡಿಗೆ ಬಿದ್ದಾಗ ರಿಮ್ಮಿನ ಅಂಚು ಟ್ಯೂಬನ್ನು ಕಚ್ಚಿ ಜೋಡಿ ತೂತು ಮಾಡುತ್ತೆ. ನಮ್ಮೂರ ರಸ್ತೆಯಲ್ಲಿ ಅದಕ್ಕೆ ಹೆಚ್ಚು ಕಾಯಬೇಕಾಗಿಲ್ಲ! ಹಾಗಂತ ಸಣ್ಣ ರಿಮ್ಮಿಗೆ ದಪ್ಪ ಟೈರು ಹಾಕಿದರೆ ಅದು ಬಲ್ಬಿನ ಹಾಗೆ ಉಬ್ಬಿ, ಇಳಿಜಾರಿನ ತಿರುವಿನಲ್ಲಿ ಪಕ್ಕಕ್ಕೆ ವಾಲಾಡುತ್ತೆ. ಇನ್ನೊಂದು, ಅದೇ ಟೈರು ಅಗಲದ ರಿಮ್ಮಿನ ಮೇಲೆ ಕೂತರೆ ಬರೆದದ್ದಕ್ಕಿಂತ ದಪ್ಪ ಆಗುತ್ತೆ. ಫೋರ್ಕು, ಬ್ರೇಕಿನ ಸಂದು ನೋಡಿಕೊಂಡೇ ದುಡ್ಡು ಕೊಡು.

ಗಾಳಿ ವಿಷಯದಲ್ಲೇ ಹೆಚ್ಚು ಜನ ಎಡವೋದು. ಟೈರಿನ ಪಕ್ಕದಲ್ಲಿ ಅಚ್ಚಾಗಿರೋದು ಗರಿಷ್ಠ ಮಿತಿ, ಅಷ್ಟೇ ತುಂಬು ಅನ್ನೋ ಅಪ್ಪಣೆಯಲ್ಲ. ರಿಮ್ಮಿಗೂ ಅದರದೇ ಮಿತಿ ಇರುತ್ತೆ. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಬೇಡ. ಒಂದೇ ಒತ್ತಡದಲ್ಲಿ ದಪ್ಪ ಟೈರು ರಿಮ್ಮಿನ ಗೋಡೆಗಳನ್ನು ಸಣ್ಣದಕ್ಕಿಂತ ಜೋರಾಗಿ ಹೊರಕ್ಕೆ ಎಳೆಯುತ್ತೆ. ಟೈರು ದಪ್ಪ ಆದಷ್ಟೂ ಗಾಳಿ ಇಳಿಸಬೇಕಾದದ್ದು ಅದಕ್ಕೇ. ನಿನ್ನದು ರಿಮ್ ಬ್ರೇಕ್ ಬೇರೆ. ಬೆಟ್ಟ ಇಳಿದಿಳಿದು ಆ ಗೋಡೆ ಸವೆದಿರುತ್ತೆ. ಬೆರಳಾಡಿಸಿದಾಗ ಒಳಕ್ಕೆ ಬಾಗಿದಂತೆ ತಗ್ಗು ಸಿಕ್ಕರೆ ಟೈರಿನ ಮಾತು ಬಿಡು, ರಿಮ್ಮನ್ನೇ ಬದಲಾಯಿಸು. ಮುಂದೆಂದಾದರೂ ಕೊಕ್ಕೆಯಿಲ್ಲದ ಹುಕ್‌ಲೆಸ್ ರಿಮ್ಮಿನ ಆಸೆ ಹತ್ತಿದರೆ, ಅದಕ್ಕೆ ಒಪ್ಪುವ ಟ್ಯೂಬ್‌ಲೆಸ್ ಟೈರೇ ಬೇಕು, ಒತ್ತಡ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರಬಾರದು.

ನೀನು ಎಪ್ಪತ್ತು ಕೆಜಿ ಆಸುಪಾಸು ಇದ್ದೀಯ. 28ರ ಟೈರಿಗೆ 70–75, 35ರದಕ್ಕೆ 50ರ ಹತ್ತಿರ ಶುರುಮಾಡು. ಹಿಂದಿನ ಚಕ್ರಕ್ಕೆ ತುಸು ಹೆಚ್ಚಿರಲಿ, ಭಾರ ಬೀಳೋದು ಅಲ್ಲೇ. ಆಮೇಲೆ ಐದೈದು ಪಿಎಸ್‌ಐ ಇಳಿಸಿ ಓಡಿಸಿ ನೋಡು. ಕೈ ಜುಮ್ಮೆನ್ನೋದು ನಿಂತರೆ ಅಲ್ಲಿಗೇ ಬಿಡು, ರಿಮ್ಮು ನೆಲಕ್ಕೆ ತಾಗೋ ಹಾಗಿದ್ದರೆ ಸ್ವಲ್ಪ ಏರಿಸು. ಪೆಟ್ರೋಲ್ ಬಂಕಿನ ಪೈಪಿಗೆ ಮಾತ್ರ ಕೊಡಬೇಡ. ಸೈಕಲ್ ಟ್ಯೂಬು ಎಷ್ಟು ಮಹಾ ಗಾಳಿ ಹಿಡಿದೀತು, ನೀನು ಗೇಜು ನೋಡೋದರೊಳಗೆ ಮಿತಿ ದಾಟಿರುತ್ತೆ. ಗೇಜಿರುವ ಪಂಪು ನಮ್ಮನೇಲಿದೆ. ಭಾನುವಾರ ಚಕ್ರ ತಗೊಂಡು ಬಾ, 28 ಕೊಳ್ಳೋದೋ 32 ಕೊಳ್ಳೋದೋ ಅಳೆದು ನೋಡಿ ಹೇಳ್ತೀನಿ.