'ನಾವು' ಅಂದರೆ ಯಾರು ಯಾರು?



ನಾಮಪದದ ಬದಲಿಗೆ ಬರುವ ಪದವೇ ಸರ್ವನಾಮ ಎಂದು ತರಗತಿಯಲ್ಲಿ ಬರೆಸುತ್ತೇನೆ. ವಿಧಾನಸಭೆ, ಸಂಸತ್ತಿನ ಭಾಷಣ ಕೇಳುವಾಗ ಇಷ್ಟು ಸಾಲದು. ಅಲ್ಲಿ 'ನಾವು' ಯಾರ ಬದಲಿಗೆ ಬಂದಿದೆ ಎಂದು ಪ್ರತಿ ವಾಕ್ಯದಲ್ಲೂ ಕೇಳಬೇಕು.

ನಾನೇ ಕಟ್ಟಿದ ಒಂದು ಉದಾಹರಣೆ ನೋಡಿ. ಶಾಸಕರೊಬ್ಬರು ಹೀಗೆ ಹೇಳಿದರು ಎಂದುಕೊಳ್ಳಿ: "ನಾವು ಕೊಬ್ಬರಿಗೆ ಬೆಂಬಲ ಬೆಲೆ ಕೊಡಿಸಿದೆವು. ನಾವು ತೆಂಗು ಬೆಳೆಯುವವರು, ನಮ್ಮ ಕಷ್ಟ ಅವರಿಗೇನು ಗೊತ್ತು? ಖರೀದಿ ಸ್ವಲ್ಪ ತಡವಾಗಿದೆ." ಮೊದಲ 'ನಾವು' ಅವರ ಪಕ್ಷ. ಎರಡನೆಯ 'ನಾವು' ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೈತರು. ಕೀರ್ತಿ ಪಕ್ಷಕ್ಕೆ, ಕಷ್ಟ ಊರಿಗೆ. 'ತಡವಾಗಿದೆ' ಎಂಬಲ್ಲಿ ತಡ ಮಾಡಿದವರೇ ಕಾಣುವುದಿಲ್ಲ!

ಇನ್ನು 'ಅವರು'. ಸದನದಲ್ಲಿ ಸದಸ್ಯರು ಸಭಾಧ್ಯಕ್ಷರನ್ನು ಉದ್ದೇಶಿಸಿಯೇ ಮಾತನಾಡಬೇಕೆಂಬ ನಿಯಮವಿದೆ. ಹಾಗಾಗಿ ಎದುರಿಗೇ ಕುಳಿತ ವಿರೋಧಿಯೂ 'ಅವರು' ಆಗುತ್ತಾರೆ. ಜಗಳ ಕೈಮೀರದಂತೆ ಕಾಯುವ ಮರ್ಯಾದೆ ಇದು. ಆದರೆ 'ಅವರು' ಎಂಬುದು ಒಂದು ಜಾತಿಗೋ ಧರ್ಮಕ್ಕೋ ಪ್ರದೇಶಕ್ಕೋ ಅಂಟಿಕೊಂಡರೆ, ಹೆಸರು ಹೇಳದೆಯೇ ಜನರನ್ನು ಬಾಗಿಲಾಚೆ ನಿಲ್ಲಿಸಿದಂತೆ.

ತುಳುವಿನಲ್ಲಿ ಕೇಳುಗರನ್ನು ಬಿಟ್ಟರೆ 'ಎಂಕುಲು', ಸೇರಿಸಿಕೊಂಡರೆ 'ನಮ'. ತೆಲುಗಿನಲ್ಲಿ 'ಮೇಮು', 'ಮನಮು'. ಇಂದಿನ ಕನ್ನಡದ 'ನಾವು', ನಮ್ಮಲ್ಲಿ ಅನೇಕರ ಮನೆಮಾತಿನ 'ಹಮ್' ಎರಡು ಅರ್ಥಕ್ಕೂ ಒಂದೇ. ಆದ್ದರಿಂದ ಭಾಷಣಕಾರರು ಯಾರನ್ನು ಸೇರಿಸಿದರು, ಯಾರನ್ನು ಬಿಟ್ಟರು ಎಂಬುದನ್ನು ನಾವೇ ಲೆಕ್ಕ ಹಾಕಬೇಕು.

ಎಲ್ಲರನ್ನೂ ಸೇರಿಸುವ 'ನಾವು' ನಮ್ಮ ಸಂವಿಧಾನದಲ್ಲಿದೆ. 1946ರ ಡಿಸೆಂಬರ್ 13ರಂದು ನೆಹರೂ ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿ ಸಂಕಲ್ಪ ಮಾಡುವುದು ಸಂವಿಧಾನ ಸಭೆ. 1949ರ ನವೆಂಬರ್ 26ರಂದು ಅಂಗೀಕಾರವಾದ ಸಂವಿಧಾನದ ಪೀಠಿಕೆಯಲ್ಲಿ ಸಂಕಲ್ಪ ಮಾಡುವುದು 'ನಾವು', ಅಂದರೆ ಭಾರತದ ಜನತೆ. ಸಭೆಯೊಳಗೆ ಕೂತವರ ಜೊತೆಗೆ ಹೊರಗಿದ್ದವರೂ, ಮುಂದೆ ಹುಟ್ಟುವವರೂ ಆ ಪದದೊಳಗೆ ಬಂದರು. ಪೀಠಿಕೆ ಓದುವಾಗ ಆ 'ನಾವು' ಕಂದಿಕೆರೆಯ ನೀವೂ ಹೌದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಅಭ್ಯಾಸ: ಪತ್ರಿಕೆಯಲ್ಲಿ ಬಂದ ಸದನದ ಭಾಷಣವೊಂದನ್ನು ತೆಗೆದುಕೊಳ್ಳಿ. ನಾವು, ನೀವು, ಅವರು ಎಂಬ ಪದಗಳ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಅದು ಯಾರೆಂದು ಬರೆಯಿರಿ. ಪೆನ್ನು ತಡವರಿಸಿದ ಕಡೆ ನಿಂತು ಯೋಚಿಸಿ. ಆಮೇಲೆ ನಮ್ಮ ನಮ್ಮ ಮಾತನ್ನೂ ಇದೇ ರೀತಿ ಪರೀಕ್ಷಿಸೋಣ.