ಬಸುರಿಯ ವಾಂತಿಗೆ ಬಾಯಲ್ಲೇ ಕರಗುವ ಮದ್ದು

ಪ್ರಶ್ನೆ: ಎರಡು ತಿಂಗಳ ಗರ್ಭಿಣಿಯೊಬ್ಬರಿಗೆ ವಾಂತಿ ತಡೆಯಲು ಕೊಟ್ಟ ಮಾತ್ರೆಯೂ ನುಂಗಿದ ನೀರಿನೊಡನೆ ಹೊರಬೀಳುತ್ತಿದೆ. ನಾಲಿಗೆಯ ಮೇಲಿಟ್ಟರೆ ಕರಗುವ ಫಿಲ್ಮ್ ರೂಪದ ಔಷಧಿ ಇಂಥವರಿಗೆ ನೆರವಾದೀತೇ?

ಉತ್ತರ: ಗರ್ಭಾವಸ್ಥೆಯ ವಾಕರಿಕೆ ಸಾಮಾನ್ಯವಾಗಿ 6ನೇ ವಾರದ ಸುಮಾರಿಗೆ ಆರಂಭವಾಗಿ 9ನೇ ವಾರದ ಆಸುಪಾಸಿನಲ್ಲಿ ಹೆಚ್ಚುತ್ತದೆ, ಭ್ರೂಣ ಮತ್ತು ಮಾಸು ಸ್ರವಿಸುವ ಜಿಡಿಎಫ್-15 ಎಂಬ ಹಾರ್ಮೋನು ಮಿದುಳಿನ ವಾಂತಿ ಕೇಂದ್ರವನ್ನು ಕೆರಳಿಸುವುದು ಇದಕ್ಕೆ ಮುಖ್ಯ ಕಾರಣವೆಂದು 2023ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಗುಟುಕು ನೀರಿಗೂ ಹೊಟ್ಟೆ ತೊಳಸುವ ಈ ಸ್ಥಿತಿಯಲ್ಲಿ ನೀರಿಲ್ಲದೆ, ಅಗಿಯದೆ, ಸುಮಾರು ಒಂದು ನಿಮಿಷದೊಳಗೆ ಕರಗುವ ಫಿಲ್ಮ್ ಆಕರ್ಷಕವಾಗಿ ಕಾಣುವುದು ಸಹಜ.

ಅಂಚೆಚೀಟಿಯಷ್ಟಿರುವ ಈ ಹಾಳೆಯನ್ನು ತಯಾರಿಸಲು ಸಸ್ಯನಾರಿನಿಂದ ಪಡೆದ, ನೀರಿನಲ್ಲಿ ಕರಗುವ ಸೆಲ್ಯುಲೋಸ್ ಅಂಟಿಗೆ ಔಷಧಿಯನ್ನೂ, ಹಾಳೆ ಬಳುಕುವಂತೆ ಮಾಡುವ ಗ್ಲಿಸರಿನ್‌ನಂಥ ಮೃದುಕಾರಿಯನ್ನೂ ಬೆರೆಸಿ, ಗುಳ್ಳೆಗಳನ್ನು ಹೋಗಲಾಡಿಸಿ, ತೆಳುವಾಗಿ ಹರಡಿ ಒಣಗಿಸಿ ಕತ್ತರಿಸುತ್ತಾರೆ. ಒಣಗಿದ್ದು ಹೆಚ್ಚಾದರೆ ಹಾಳೆ ಮುರಿಯುತ್ತದೆ, ತೇವ ಉಳಿದರೆ ಬೆರಳಿಗೆ ಅಂಟುತ್ತದೆ. ಆದ್ದರಿಂದ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಡಿಚಿ ಅದರ ಗಟ್ಟಿತನವನ್ನೂ, ಪ್ರತಿ ತುಂಡಿನಲ್ಲಿ ಔಷಧಿ ಸಮನಾಗಿದೆಯೇ ಎಂಬುದನ್ನೂ ಪರೀಕ್ಷಿಸಬೇಕಾಗುತ್ತದೆ. ಕಹಿಯನ್ನು ಮರೆಮಾಚುವುದು ಇನ್ನೂ ಕಷ್ಟ, ಏಕೆಂದರೆ ಪುದೀನದ ವಾಸನೆಯೇ ಕೆಲವು ಬಸುರಿಯರಿಗೆ ವಾಕರಿಕೆ ತರಿಸುತ್ತದೆ.

ಫಿಲ್ಮ್‌ನ ಔಷಧಿ ನೇರವಾಗಿ ರಕ್ತಕ್ಕೆ ಸೇರುತ್ತದೆಂಬ ನಂಬಿಕೆ ಅರ್ಧಸತ್ಯ. ನಾಲಿಗೆಯ ಮೇಲೆ ಬೇಗನೆ ಕರಗುವ ಹಾಳೆಯ ಔಷಧಿಯ ಬಹುಭಾಗ ಜೊಲ್ಲಿನೊಡನೆ ಜಠರಕ್ಕಿಳಿದು ಕರುಳಿನಲ್ಲೇ ಹೀರಿಕೆಯಾಗುವುದರಿಂದ, ಕೂಡಲೇ ವಾಂತಿಯಾದರೆ ಅದೂ ನಷ್ಟವಾಗಬಹುದು. ಗರ್ಭಿಣಿಯರಿಗೆ ಮೊದಲ ಆಯ್ಕೆಯೆನಿಸಿದ ಡಾಕ್ಸಿಲಮಿನ್ ಮತ್ತು ಪಿರಿಡಾಕ್ಸಿನ್, ಅಂದರೆ ಬಿ-6 ಜೀವಸತ್ವದ ಜೋಡಿಯಲ್ಲಿ ಮತ್ತೊಂದು ತೊಡಕಿದೆ: ರಾತ್ರಿ ನುಂಗಿದ ಮಾತ್ರೆ ಬೆಳಗಿನ ಸಂಕಟಕ್ಕೆ ಒದಗಲೆಂದೇ ಅದು ತಡವಾಗಿ ಕರಗುವಂತೆ ಲೇಪ ಕೊಡಲಾಗಿರುತ್ತದೆ. ಬೇಗ ಕರಗುವ ಹಾಳೆ ಈ ಲಾಭವನ್ನು ಬಿಟ್ಟುಕೊಡುತ್ತದೆ, ಹೀಗಾಗಿ ಅದರ ಪ್ರಮಾಣವನ್ನೂ ಹೊತ್ತನ್ನೂ ಹೊಸದಾಗಿ ನಿರ್ಧರಿಸದೆ ಮಾತ್ರೆಗೆ ಬದಲಿಯಾಗಿ ಬಳಸಲಾಗದು.

ಪ್ರಶ್ನೆ: ಕ್ಯಾನ್ಸರ್ ರೋಗಿಗೆ ತಂದ ಒಂಡಾನ್‌ಸೆಟ್ರಾನ್ ಫಿಲ್ಮ್ ಮನೆಯಲ್ಲಿದ್ದರೆ ಬಸುರಿ ಅದನ್ನು ಬಳಸಬಹುದೇ?

ಉತ್ತರ: ವೈದ್ಯರನ್ನು ಕೇಳದೆ ಬಳಸಬಾರದು. 2010ರಲ್ಲಿ ಅಮೆರಿಕದಲ್ಲಿ ಈ ಫಿಲ್ಮ್‌ಗೆ ಅನುಮತಿ ದೊರೆತದ್ದು ಕೀಮೋಥೆರಪಿ, ವಿಕಿರಣ ಚಿಕಿತ್ಸೆ ಮತ್ತು ಶಸ್ತ್ರಚಿಕಿತ್ಸೆಯ ಬಳಿಕದ ವಾಂತಿಗೆ, ಗರ್ಭಿಣಿಯರಿಗಲ್ಲ. ಮೊದಲ ಮೂರು ತಿಂಗಳಲ್ಲಿ ಈ ಔಷಧಿ ಸೇವಿಸಿದವರ 10,000 ಶಿಶುಗಳಲ್ಲಿ ಸುಮಾರು 3 ಹೆಚ್ಚುವರಿ ಸೀಳುತುಟಿ ಅಥವಾ ಸೀಳು ಅಂಗುಳದ ಪ್ರಕರಣಗಳು 2018ರ ದೊಡ್ಡ ಅಧ್ಯಯನವೊಂದರಲ್ಲಿ ಕಂಡುಬಂದವು. ಅಪಾಯ ಚಿಕ್ಕದಾದರೂ ಅದನ್ನು ತೂಗಿ ನೋಡಬೇಕಾದವರು ವೈದ್ಯರು. ಔಷಧಿಯ ರೂಪ ಬದಲಾದರೆ ನುಂಗುವ ಕಷ್ಟ ತಪ್ಪುತ್ತದೆಯೇ ಹೊರತು ಔಷಧಿಯ ಗುಣ ಬದಲಾಗುವುದಿಲ್ಲ.

ದಿನವಿಡೀ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ ಅಥವಾ ತೂಕ ಇಳಿಯುತ್ತಿದ್ದರೆ ಫಿಲ್ಮ್ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ರಕ್ತನಾಳದ ಮೂಲಕ ದ್ರವವನ್ನೂ ಔಷಧಿಯನ್ನೂ ಕೊಡುತ್ತಾರೆ.